ಪ್ರಪಂಚ ಸುತ್ತುತ್ತಾ ದುಡಿಯಲು ಮೂರು ದಾರಿ: ತಿಂಗಳ ರಿಟೇನರ್, ವೀಡಿಯೊ ಚಾನೆಲ್, ದುಡಿಮೆಗೆ ವಸತಿ

ಮೂರೂ ದಾರಿಯಲ್ಲಿ ದುಡಿದು ನೋಡಿಯಾಗಿದೆ. ಪ್ರಪಂಚ ಸುತ್ತುವುದನ್ನೇ ಬದುಕು ಮಾಡಿಕೊಳ್ಳಲು ಹೊರಟವರಿಗೆ ನಾನು ಹಿಂದುಮುಂದು ನೋಡದೆ ಹೇಳುವುದು ತಿಂಗಳ ರಿಟೇನರ್ ಮೇಲಿನ ದೂರದ ಕೆಲಸವನ್ನೇ, ಅಂದರೆ ಒಬ್ಬ ಕ್ಲೈಂಟ್‌ಗೆ ಪ್ರತಿ ತಿಂಗಳೂ ನಿಗದಿತ ಹಣಕ್ಕೆ ಇದ್ದಲ್ಲಿಂದಲೇ ಮಾಡಿಕೊಡುವ ಕೆಲಸವನ್ನು. ಬರವಣಿಗೆ, ಅನುವಾದ, ಲೆಕ್ಕಪತ್ರ, ಕೋಡಿಂಗ್, ವಿನ್ಯಾಸ, ಯಾವುದಾದರೂ ಸರಿ. ಒಪ್ಪಂದ ಮಾತ್ರ ಗಟ್ಟಿಯಾಗಿರಬೇಕು: ತಿಂಗಳಿಗೆ ಇಷ್ಟು ಗಂಟೆ, ಇಷ್ಟು ಹಣ, ತಿಂಗಳ ಮೊದಲ ದಿನವೇ ಪಾವತಿ, ಬಿಡುವುದಾದರೆ ಎರಡೂ ಕಡೆಯಿಂದ 30 ದಿನದ ನೋಟಿಸ್, ಬಳಸದ ಗಂಟೆ ಮುಂದಿನ ತಿಂಗಳಿಗೆ ಸೇರುವುದಿಲ್ಲ. ಈ ಕೊನೆಯ ಷರತ್ತನ್ನು ಬಿಟ್ಟರೆ ಮೂರು ತಿಂಗಳ ಕೆಲಸವೆಲ್ಲ ಒಂದೇ ವಾರದಲ್ಲಿ ಮೈಮೇಲೆ ಬೀಳುತ್ತದೆ, ಅದೂ ಬೆಟ್ಟದ ಮೇಲಿನ ಹಳ್ಳಿಗೆ ಹೋಗಬೇಕೆಂದಿರುವ ವಾರದಲ್ಲೇ. ಬಿಡಿ ಬಿಡಿ ಪ್ರಾಜೆಕ್ಟ್‌ಗಳನ್ನು ನಂಬಿ ಹೊರಡಬೇಡಿ. ಅಲ್ಲಿ ಹೊಸ ಕ್ಲೈಂಟ್ ಹುಡುಕುವುದಕ್ಕೇ ಅರ್ಧ ಹೊತ್ತು ಹೋಗುತ್ತದೆ.

ಪ್ರವಾಸಪ್ರಿಯರಿಗೆ ಮೊದಲು ಹೊಳೆಯುವುದು ವೀಡಿಯೊ ಚಾನೆಲ್. ಹೇಗೂ ಊರು ನೋಡುತ್ತೇವೆ, ಅದನ್ನೇ ಚಿತ್ರೀಕರಿಸಿದರಾಯಿತು ಎಂಬ ಲೆಕ್ಕ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು ಬೇಕು, ಜೊತೆಗೆ 12 ತಿಂಗಳೊಳಗೆ 4,000 ಗಂಟೆ ವೀಕ್ಷಣೆ, ಇಲ್ಲವೇ 90 ದಿನದಲ್ಲಿ 1 ಕೋಟಿ ಶಾರ್ಟ್ಸ್ ವೀಕ್ಷಣೆ. ಉದ್ದನೆಯ ವೀಡಿಯೊಗಳ ಜಾಹೀರಾತು ಆದಾಯದಲ್ಲಿ ನಮಗೆ ಬರುವುದು ಶೇ. 55. ಗಳಿಕೆ 10 ಡಾಲರ್ ದಾಟಿದ ಮೇಲೆ ಈ ಹಣ ಪಾವತಿಸುವ ಗೂಗಲ್‌ನ ಆಡ್‌ಸೆನ್ಸ್ ವಿಳಾಸ ಖಚಿತಪಡಿಸಿಕೊಳ್ಳಲು ಒಂದು ಪಿನ್ ಕಳಿಸುತ್ತದೆ, ಇಮೇಲ್‌ಗಲ್ಲ, ಅಂಚೆಯಲ್ಲಿ ಮನೆ ವಿಳಾಸಕ್ಕೆ. ನೆಲೆ ಬಿಟ್ಟು ಹೊರಟವರು ಆ ಲಕೋಟೆ ತೆರೆದು ಪಿನ್ ಓದಿ ಹೇಳುವ ಒಬ್ಬರನ್ನು ಮೊದಲೇ ಗೊತ್ತು ಮಾಡಿಕೊಂಡಿರಬೇಕು.

ಇದಕ್ಕಿಂತ ಭಾರವಾದದ್ದು ಕೆಲಸದ ಹೊರೆ. ಪ್ರತಿ ಸೆಕೆಂಡಿಗೆ 50 ಮೆಗಾಬಿಟ್ ಲೆಕ್ಕದಲ್ಲಿ ಹೊರಬಂದ ಹತ್ತು ನಿಮಿಷದ 4ಕೆ ವೀಡಿಯೊ 3.75 ಜಿಬಿ ಆಗುತ್ತದೆ. ಅತಿಥಿಗೃಹದ ವೈಫೈನಲ್ಲಿ ಅಪ್‌ಲೋಡ್ ವೇಗ 5 ಎಂಬಿಪಿಎಸ್ ಇದ್ದರೆ ಅದನ್ನು ಏರಿಸಲು ಒಂದು ಗಂಟೆ ನಲವತ್ತು ನಿಮಿಷ ಬೇಕು, ನಡುವೆ ಸಂಪರ್ಕ ಕಡಿಯದಿದ್ದರೆ. ಅದೇ ವೈಫೈನಲ್ಲಿ ರಿಟೇನರ್ ಕೆಲಸದ ವೀಡಿಯೊ ಕರೆ ಸಲೀಸಾಗಿ ನಡೆಯುತ್ತದೆ. ಇನ್ನು ಸೂರ್ಯೋದಯದ ಬೆಳಕು, ಹಬ್ಬದ ಬೀದಿ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಮಾತು ಎಲ್ಲವೂ ಶಾಟ್ ಆಗಿಬಿಡುತ್ತವೆ. ಊರಿನ ಪ್ರೀತಿಗೆ ಹೊರಟವರಿಗೆ ಇದು ದೊಡ್ಡ ಬೆಲೆ. ನನಗೆ ಊರು ಕಣ್ಣಿಗೆ ಬೇಕು, ಕ್ಯಾಮೆರಾಕ್ಕೆ ಆಮೇಲೆ.

ವೀಸಾ ಕಾಗದಪತ್ರದಲ್ಲೂ ರಿಟೇನರ್‌ನದೇ ಮೇಲುಗೈ. ದೂರದಿಂದ ದುಡಿಯುವವರಿಗೆಂದೇ ಇರುವ ಪೋರ್ಚುಗಲ್‌ನ ಡಿ8 ವೀಸಾ ಅಲ್ಲಿನ ಕನಿಷ್ಠ ವೇತನದ ನಾಲ್ಕು ಪಟ್ಟು ಆದಾಯ ಕೇಳುತ್ತದೆ. ಇಂಥದೇ ವೀಸಾಕ್ಕೆ ಸ್ಪೇನ್ ಕನಿಷ್ಠ ಮೂರು ತಿಂಗಳಿನಿಂದ ನಡೆಯುತ್ತಿರುವ ಕೆಲಸದ ಸಂಬಂಧವನ್ನು ಕೇಳುತ್ತದೆ. ಸಹಿಯಾದ ಒಪ್ಪಂದ, ಪ್ರತಿ ತಿಂಗಳೂ ಒಂದೇ ಮೊತ್ತ ಜಮೆಯಾದ ಬ್ಯಾಂಕ್ ಹೇಳಿಕೆ ಇದ್ದರೆ ಅರ್ಜಿ ನೋಡುವ ಅಧಿಕಾರಿಗೆ ಕೇಳಲು ಹೆಚ್ಚು ಉಳಿಯುವುದಿಲ್ಲ. ಚಾನೆಲ್ ಆದಾಯ ಒಂದು ತಿಂಗಳು ಏರಿ ಇನ್ನೊಂದು ತಿಂಗಳು ಕುಸಿಯುತ್ತದೆ, ಆಗ ಸಮಜಾಯಿಷಿ ಪತ್ರ ಬರೆಯುವ ಕೆಲಸ ಶುರು.

ರಿಟೇನರ್‌ನಲ್ಲಿ ತಲೆನೋವು ಒಂದೇ, ಅದು ಗಡಿಯಾರ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ವಿಮಾನದ ಟಿಕೆಟ್ ಕೊಳ್ಳಬಾರದು. ಕ್ಲೈಂಟ್ ಲಂಡನ್‌ನವರು, ದಿನವೂ ಅವರ ಬೆಳಿಗ್ಗೆ 10ಕ್ಕೆ ಮೀಟಿಂಗ್ ಎಂದಿಟ್ಟುಕೊಳ್ಳಿ. ಜನವರಿಯಲ್ಲಿ ಬ್ಯಾಂಕಾಕ್‌ನಲ್ಲಿದ್ದರೆ ಅದು ಸಂಜೆ 5. ಇಡೀ ಹಗಲು ನಿಮ್ಮದು. ಅದೇ ಮೀಟಿಂಗ್ ಮೆಕ್ಸಿಕೊ ಸಿಟಿಯಲ್ಲಿ ನಸುಕಿನ 4 ಗಂಟೆಗೆ. ಜುಲೈ ಬಂದರೆ ಇನ್ನೂ ಕಷ್ಟ: ಲಂಡನ್ ಗಡಿಯಾರ ಒಂದು ಗಂಟೆ ಮುಂದೆ ಹೋಗಿರುತ್ತದೆ, ಮೆಕ್ಸಿಕೊದ ಬಹುಭಾಗ ಹೀಗೆ ಬೇಸಿಗೆಯಲ್ಲಿ ಗಡಿಯಾರ ಮುಂದಿಡುವ ‘ಬೇಸಿಗೆ ಸಮಯ’ವನ್ನು 2022ರಲ್ಲೇ ಕೈಬಿಟ್ಟಿದೆ, ಹಾಗಾಗಿ ಏಳಬೇಕಾದದ್ದು 3 ಗಂಟೆಗೆ. ಒಂದು ವಾರ ತಡೆದುಕೊಳ್ಳಬಹುದು. ಎರಡನೆಯ ವಾರದಿಂದ ಮಧ್ಯಾಹ್ನವೆಲ್ಲ ನಿದ್ದೆ, ಕತ್ತಲಾದ ಮೇಲೆ ಕಣ್ಣು ಬಿಡುವುದು. ಊರು ನೋಡಲು ಹೋದದ್ದೇ ವ್ಯರ್ಥ. ಆದ್ದರಿಂದ ಕ್ಲೈಂಟ್ ಇರುವಲ್ಲಿಂದ ಪೂರ್ವಕ್ಕೆ ನಾಲ್ಕರಿಂದ ಎಂಟು ಗಂಟೆ ದೂರದಲ್ಲಿ ನೆಲೆಸುವುದೇ ಸರಿ. ನ್ಯೂಯಾರ್ಕ್ ಕ್ಲೈಂಟ್ ಆದರೆ ಲಿಸ್ಬನ್ ಚೆನ್ನಾಗಿ ಹೊಂದುತ್ತದೆ, ಅವರ ಬೆಳಿಗ್ಗೆ 10 ಅಲ್ಲಿ ಮಧ್ಯಾಹ್ನ 3.

ಬೇಸಿಗೆ ಸಮಯದ ಗೊಂದಲ ಇಷ್ಟಕ್ಕೇ ಮುಗಿಯುವುದಿಲ್ಲ, ಏಕೆಂದರೆ ದೇಶಗಳು ಗಡಿಯಾರ ತಿರುಗಿಸುವುದು ಒಂದೇ ದಿನ ಅಲ್ಲ. ಅಮೆರಿಕದಲ್ಲಿ ಮಾರ್ಚ್‌ನ ಎರಡನೆಯ ಭಾನುವಾರ, ಯುರೋಪಿನಲ್ಲಿ ಮಾರ್ಚ್‌ನ ಕೊನೆಯ ಭಾನುವಾರ. ನಡುವಿನ ಆ ಎರಡು-ಮೂರು ವಾರ ಲಂಡನ್, ನ್ಯೂಯಾರ್ಕ್ ನಡುವಿನ ಅಂತರ 5 ಗಂಟೆಯಲ್ಲ, 4. ಸಿಡ್ನಿಯದು ತಿರುಗುಮುರುಗು: ಅಲ್ಲಿ ಏಪ್ರಿಲ್‌ನ ಮೊದಲ ಭಾನುವಾರ ಗಡಿಯಾರ ಹಿಂದಕ್ಕೆ ಹೋಗುತ್ತದೆ. ಲಂಡನ್‌ಗೂ ಸಿಡ್ನಿಗೂ ಜನವರಿಯಲ್ಲಿ 11 ಗಂಟೆ ಅಂತರ, ಜುಲೈನಲ್ಲಿ 9, ಬದಲಾವಣೆಯ ದಿನಗಳಲ್ಲಿ 10. ಮೀಟಿಂಗ್ ತಪ್ಪುವುದು ಹೆಚ್ಚಾಗಿ ಈ ವಾರಗಳಲ್ಲೇ.

ಪರಿಹಾರ ಇದೆ. ಒಪ್ಪಂದದಲ್ಲಿ ‘ಲಂಡನ್ ಸಮಯ’ ಎಂದು ನಗರದ ಹೆಸರಿನಲ್ಲೇ ಬರೆಯಿಸಿ, ‘ಜಿಎಂಟಿ’ ಎಂದಲ್ಲ. ಜಿಎಂಟಿ, ಅಂದರೆ ಗ್ರೀನಿಚ್ ಸಮಯ, ವರ್ಷವಿಡೀ ಒಂದೇ, ಲಂಡನ್ ಮಾತ್ರ ಬೇಸಿಗೆಯಲ್ಲಿ ಅದನ್ನು ಬಿಟ್ಟು ಒಂದು ಗಂಟೆ ಮುಂದಿರುತ್ತದೆ. ಕ್ಯಾಲೆಂಡರ್ ಆಹ್ವಾನವನ್ನು ಕ್ಲೈಂಟ್‌ನ ಸಮಯವಲಯದಲ್ಲೇ ಸೃಷ್ಟಿಸಿ, ಆಗ ನೀವು ದೇಶ ಬದಲಿಸಿದರೂ ಅದು ತಾನಾಗಿ ಹೊಂದಿಕೊಳ್ಳುತ್ತದೆ. ಆಫೀಸ್ ಅವಧಿಗೆ ಒಪ್ಪಬೇಡಿ, ದಿನಕ್ಕೆ ಎರಡು ಗಂಟೆ ಇಬ್ಬರೂ ಸಿಗುವ ಹೊತ್ತು ಎಂದಷ್ಟೇ ಒಪ್ಪಿಕೊಳ್ಳಿ, ಉಳಿದದ್ದು ಬರಹದಲ್ಲಿ ನಡೆಯಲಿ. ಎರಡು ಕ್ಲೈಂಟ್ ಇದ್ದರೆ ಇಬ್ಬರೂ ಒಂದೇ ಖಂಡದವರಾಗಿರಲಿ. ಪಶ್ಚಿಮಕ್ಕೆ ಹೋಗಲೇಬೇಕೆಂದಿದ್ದರೆ ಎರಡು ತಿಂಗಳು ಮುಂಚೆಯೇ ಕೇಳಿ, ಆ ಅವಧಿಗೆ ಮೀಟಿಂಗ್ ಬದಲು ವಾರದ ಲಿಖಿತ ವರದಿ ಸಾಕೇ ಎಂದು. ಕೆಲಸ ಚೆನ್ನಾಗಿದ್ದರೆ ಬಹುತೇಕ ಒಪ್ಪುತ್ತಾರೆ. ದೇಶದಿಂದ ದೇಶಕ್ಕೆ ಹಾರುವುದು ಶನಿವಾರವೇ ಇರಲಿ.

ಬ್ಯಾಂಕ್ ಒಟಿಪಿ ಬರುವ ಸಿಮ್ ಚಾಲ್ತಿಯಲ್ಲಿರಲಿ, ಡೇಟಾಕ್ಕೆ ಇ-ಸಿಮ್ ಸಾಕು.

ಮೂರನೆಯ ದಾರಿ ದುಡಿಮೆಗೆ ಬದಲಾಗಿ ವಸತಿ. ಸಾವಯವ ಹೊಲಗಳಿಗೂ ಸ್ವಯಂಸೇವಕರಿಗೂ ನಂಟು ಕಲ್ಪಿಸುವ, 1971ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ವೂಫ್ (WWOOF) ಜಾಲದಲ್ಲಿ ದಿನಕ್ಕೆ ನಾಲ್ಕರಿಂದ ಆರು ಗಂಟೆ ಹೊಲದ ಕೆಲಸ, ಬದಲಿಗೆ ಊಟ ಮತ್ತು ಹಾಸಿಗೆ. ಖರ್ಚು ಉಳಿಯುತ್ತದೆ, ಗಳಿಕೆ ಇಲ್ಲ. ವಿಮೆ, ಮುಂದಿನ ಟಿಕೆಟ್, ಹಲ್ಲುನೋವಿನ ಖರ್ಚು ಎಲ್ಲಕ್ಕೂ ಉಳಿತಾಯವನ್ನೇ ಮುಟ್ಟಬೇಕು. ವಸತಿಗಾಗಿ ಮಾಡುವ ಕೆಲಸವನ್ನೂ ಅಮೆರಿಕದಂಥ ದೇಶಗಳು ಕೆಲಸವೆಂದೇ ಎಣಿಸಬಹುದು, ಪ್ರವಾಸಿ ವೀಸಾದಲ್ಲಿ ಹೋದರೆ ಗಡಿಯಲ್ಲೇ ಹಿಂದೆ ಕಳಿಸುವ ಅಪಾಯ ಇದ್ದೇ ಇದೆ. ಆದರೆ ಆಲಿವ್ ಕೊಯ್ಲನ್ನಾಗಲಿ, ದ್ರಾಕ್ಷಿ ತೋಟವನ್ನಾಗಲಿ ಇಷ್ಟು ಹತ್ತಿರದಿಂದ ಬೇರೆ ಯಾವ ದಾರಿಯೂ ತೋರಿಸದು. ನಿಯಮ ಅನುಮತಿಸುವ ದೇಶದಲ್ಲಿ ಎರಡು ರಿಟೇನರ್‌ಗಳ ನಡುವಿನ ಬಿಡುವಿಗೆ ಇದು ಬಹಳ ಒಳ್ಳೆಯದು.

ನನ್ನ ಆಯ್ಕೆಗೆ ನನ್ನ ರೂಢಿಯೂ ಕಾರಣ: ಒಂದೊಂದು ಊರಲ್ಲಿ ತಿಂಗಳುಗಟ್ಟಲೆ ಇರುವುದು, ಬೆಳಗಿನ ಹೊತ್ತು ನಡೆಯುವುದು, ಬಾಡಿಗೆಯನ್ನು ತಿಂಗಳ ದರದಲ್ಲಿ ಚೌಕಾಸಿ ಮಾಡುವುದು. ವಾರಕ್ಕೊಂದು ದೇಶ ಬೇಕೆನ್ನುವವರಿಗೆ ರಿಟೇನರ್ ಉಸಿರುಗಟ್ಟಿಸಬಹುದು, ಅವರಿಗೆ ಚಾನೆಲ್ಲೇ ಹೊಂದಬಹುದು, ಒಂದು ವರ್ಷದ ಖರ್ಚು ಕೈಯಲ್ಲಿದ್ದರೆ. ರಿಟೇನರ್‌ಗೆ ನಾಲ್ಕು ತಿಂಗಳ ಖರ್ಚು ಜೊತೆಗಿದ್ದರೆ ಹೊರಡಬಹುದು. ನೋಟಿಸ್ ಅವಧಿ ಒಂದು ತಿಂಗಳು, ಹೊಸ ಕ್ಲೈಂಟ್ ಹುಡುಕಲು ಎರಡು, ಮೊದಲ ಪಾವತಿ ತಡವಾದರೆ ಇನ್ನೊಂದು.