ಚಾರ್ಟು, ಆ್ಯಪು, ಫ್ಲೆಕ್ಸು, ಲಗ್ನಪತ್ರಿಕೆ: ನನ್ನ ಒಂದನೇ ಕ್ಲಾಸಿನಲ್ಲಿ ಯಾವುದು ನಡೆಯಿತು

ಮನೆಯಲ್ಲಿ ಬೇರೆ ಬೇರೆ ಮಾತು ಆಡುವ ಮಕ್ಕಳಿಗೆ ಕನ್ನಡ, ಇಂಗ್ಲಿಷ್ ಪದ ಕಲಿಸಲು ಈ ನಾಲ್ಕನ್ನೂ ಮಾಡಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ. ಗೆದ್ದಿದ್ದು ಹಳೇ ಲಗ್ನಪತ್ರಿಕೆ. ಸೋತಿದ್ದು ಎರಡು ಸಲ ಪ್ರಿಂಟ್ ಹಾಕಿಸಿ ₹1,300 ನುಂಗಿದ ಫ್ಲೆಕ್ಸು. ಅದರಲ್ಲಿ ಒಂದು ಈಗ ನಮ್ಮ ಹಿತ್ತಲಿನಲ್ಲಿ ಕಟ್ಟಿಗೆಯ ಮೇಲೆ ಹೊದಿಕೆಯಾಗಿದೆ. ಮಳೆಗಾಲದಲ್ಲಿ ಒಂದು ಹನಿ ನೀರು ಇಳಿಯಲಿಲ್ಲ, ಸುಳ್ಳು ಹೇಳಬಾರದು.

ನಾನು ಹುಬ್ಬಳ್ಳಿಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. 2019ರಲ್ಲಿ ಸರ್ಕಾರ 1,000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ಶುರು ಮಾಡಿತಲ್ಲ, ಆಮೇಲೆ ಆ ದಾರಿ ಹಿಡಿದ ಶಾಲೆಗಳಲ್ಲಿ ನಮ್ಮದೂ ಒಂದು. ಹೆಸರಿಗೆ ಎರಡು ಭಾಷೆಯ ಕ್ಲಾಸು, ಕನ್ನಡ ಮತ್ತು ಇಂಗ್ಲಿಷ್. ಒಳಗೆ ಬಂದು ನೋಡಿದರೆ ಆರು. ಹೋದ ಜೂನ್‌ನಲ್ಲಿ 34 ಮಕ್ಕಳಿದ್ದರು. 15 ಮಕ್ಕಳ ಮನೆಮಾತು ಕನ್ನಡ, 11 ಮಕ್ಕಳದು ಉರ್ದು. ಗದಗ ಕಡೆಯ ತಾಂಡಾಗಳಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು 5, ಅವರದು ಲಂಬಾಣಿ. ಮರಾಠಿ 2. ಇನ್ನೊಬ್ಬ ಹುಡುಗನ ಅಪ್ಪ ರಾಜಸ್ಥಾನದಿಂದ ಬಂದು ಟೈಲ್ಸ್ ಕೂಡಿಸುತ್ತಾರೆ, ಅವನದು ಮಾರವಾಡಿ.

ಮೊದಲ ವಾರವೇ ಒಬ್ಬಳು ಲಂಬಾಣಿ ಹುಡುಗಿ ಬಾಗಿಲ ಹತ್ತಿರ ನಿಂತು "ಯಾಡಿ, ಯಾಡಿ" ಅಂತ ಅಳುತ್ತಿದ್ದಳು. ನನಗೆ ಗಾಡಿ ಅಂತ ಕೇಳಿಸಿತು. "ಗಾಡಿ ಬರ್ತದವ್ವಾ, ಅಳಬ್ಯಾಡ" ಅಂದೆ. ಅಳು ಜಾಸ್ತಿಯಾಯಿತು. ಪಕ್ಕದ ಹುಡುಗ ನನ್ನ ಸೆರಗು ಹಿಡಿದು ಎಳೆದ. "ಅಕ್ಕೋರ, ಅಕಿ ಗಾಡಿ ಅಲ್ರಿ, ಅವರವ್ವನ್ನ ಕರಿಯಾಕತ್ಯಾಳ್ರಿ." ಹದಿನಾಲ್ಕು ವರ್ಷದ ಸರ್ವೀಸು ನನ್ನದು. ಅವತ್ತು ಸಂಜೆಯೇ ಅಂಗಡಿಗೆ ಹೋದೆ.

ಮೊದಲು ಕೊಂಡಿದ್ದು ಕನ್ನಡ-ಇಂಗ್ಲಿಷ್ ಚಾರ್ಟುಗಳ ಸೆಟ್ಟು. ಎಂಟು ಹಾಳೆ, ₹450, ಲ್ಯಾಮಿನೇಷನ್ ಸಮೇತ. ಚಿತ್ರ ಚೆನ್ನಾಗಿವೆ, ಬಣ್ಣ ಚೆನ್ನಾಗಿದೆ, ಗೋಡೆಗೆ ಹಾಕಿದರೆ ಕ್ಲಾಸಿಗೆ ಒಂದು ಕಳೆ ಬರುತ್ತದೆ. ಆದರೆ ಅದರಲ್ಲಿರುವ ಕನ್ನಡ ನಮ್ಮ ಮಕ್ಕಳದಲ್ಲ. ಶೇಂಗಾದ ಚಿತ್ರದ ಕೆಳಗೆ ಕಡಲೆಕಾಯಿ. ಉಳ್ಳಾಗಡ್ಡಿಗೆ ಈರುಳ್ಳಿ. ಪೇರಲಕ್ಕೆ ಸೀಬೆಹಣ್ಣು. ಬಟಾಟಿಗೆ ಆಲೂಗಡ್ಡೆ. ತಪ್ಪೇನಿಲ್ಲ, ಪುಸ್ತಕದ ಕನ್ನಡ ಮುಂದೆ ಬೇಕೇ ಬೇಕು. ಆದರೆ ಗೊತ್ತಿರುವ ಮಾತಿನಿಂದ ಗೊತ್ತಿಲ್ಲದ ಮಾತಿಗೆ ಹೋಗಲಿ ಅಂತ ತಾನೇ ಚಾರ್ಟು ಹಾಕುವುದು? ಇಲ್ಲಿ ಎರಡೂ ಗೊತ್ತಿಲ್ಲದ ಮಾತು. ಮನೆಯಲ್ಲಿ ಕನ್ನಡ ಆಡುವ ಮಕ್ಕಳೂ ಕಡಲೆಕಾಯಿ ಅಂದರೆ ಕಣ್ಣು ಬಿಡುತ್ತಿದ್ದವು.

ಆಮೇಲೆ ಫೋನಿನ ಅನುವಾದದ ಆ್ಯಪ್. ದುಡ್ಡಿಲ್ಲ, ಕಾಸಿಲ್ಲ. ಟೈಲ್ಸ್ ಕೆಲಸದ ಅಪ್ಪನ ಜೊತೆ ಮಾತಾಡಲು ನಿಜವಾಗಿಯೂ ಉಪಯೋಗವಾಯಿತು. ನಾನು ಕನ್ನಡದಲ್ಲಿ ಹೇಳಿದೆ, ಅದು ಹಿಂದಿಯಲ್ಲಿ ಹೇಳಿತು, ಮಗನ ಆಧಾರ್ ಕಾರ್ಡಿನ ಜೆರಾಕ್ಸು ಮರುದಿನವೇ ಬಂತು. ಅಷ್ಟಕ್ಕೆ ಸರಿ. ಲಂಬಾಣಿ ಅದರ ಪಟ್ಟಿಯಲ್ಲೇ ಇಲ್ಲ. ಉರ್ದು ಇದೆ, ಆದರೆ ಅದು ನಮ್ಮ ಓಣಿಯ ಉರ್ದು ಅಲ್ಲ. ಶೇಂಗಾ ತೋರಿಸಿದಾಗ ಫೋನು "ಮೂಂಗ್‌ಫಲಿ" ಅಂದಿತು. ಮುಂದೆ ಕುಳಿತ ಹುಡುಗಿ ಫೋನನ್ನೂ ನನ್ನನ್ನೂ ನೋಡಿ, "ಶೇಂಗಾ ಅಲ್ರಿ ಅದು?" ಅಂದಳು. ಮರಾಠಿಯಲ್ಲೂ ಅದು ಶೇಂಗಾನೇ. ಹೀಗೆ ಇಡೀ ಕ್ಲಾಸು ಒಂದೇ ಮಾತು ಆಡುತ್ತಿದ್ದ ವಸ್ತುವಿಗೆ ನಾನು ದುಡ್ಡು ಕೊಟ್ಟು ಒಂದು, ಬಿಟ್ಟಿಯಾಗಿ ಒಂದು, ಒಟ್ಟು ಎರಡು ಹೊಸ ಹೆಸರು ತಂದಿದ್ದೆ. ಜೊತೆಗೆ, ಫೋನು ಕೈಗೆ ಬಂದರೆ 34 ಮಕ್ಕಳು ನನ್ನ ಮೈಮೇಲೆಯೇ ಇರುತ್ತವೆ.

ಈಗ ಫ್ಲೆಕ್ಸಿನ ಕಥೆ. ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಬೇಕು, ಯಾಕೆಂದರೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಅಂಗಡಿಯ ಚಾರ್ಟು ಬೇಡ, ನಮ್ಮದೇ ಮಾಡಿಸೋಣ ಅಂದುಕೊಂಡೆ. ಆರು ಅಡಿ ಅಗಲ, ನಾಲ್ಕು ಅಡಿ ಎತ್ತರ. ಮೂರು ಸಾಲು: ಕನ್ನಡ, ಇಂಗ್ಲಿಷ್, ಉರ್ದು. 60 ಪದ. ಕನ್ನಡವನ್ನು ಶಾಲೆಯ ಕಂಪ್ಯೂಟರಿನಲ್ಲಿ 'ನುಡಿ' ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದೆ. ಉರ್ದುವನ್ನು ಪರಿಚಯದವರೊಬ್ಬರಿಂದ ವಾಟ್ಸಾಪಿನಲ್ಲಿ ಬರೆಸಿಕೊಂಡೆ. ಎರಡನ್ನೂ ಒಂದು ಡಿಟಿಪಿ ಅಂಗಡಿಗೆ ಕೊಟ್ಟೆ. ಸಂಜೆ ಪ್ರಿಂಟ್ ಬಂತು, ನೋಡಲು ಭರ್ಜರಿ. ಗೋಡೆಗೆ ಮೊಳೆ ಹೊಡೆಸಿ ಹಾಕಿದೆ. ನನಗೆ ಉರ್ದು ಓದಲು ಬರುವುದಿಲ್ಲ. ಅಕ್ಷರ ಚೆಂದ ಕಾಣುತ್ತಿದ್ದವು, ಅಷ್ಟೇ.

ಮೂರು ದಿನ ಹಾಗೇ ಇತ್ತು. ನಾಲ್ಕನೇ ದಿನ ಮೊಮ್ಮಗಳನ್ನು ಕರೆದೊಯ್ಯಲು ಬಂದ ಒಬ್ಬ ಅಜ್ಜಾರು ಕನ್ನಡಕ ಏರಿಸಿ ಫ್ಲೆಕ್ಸಿನ ಮುಂದೆ ನಿಂತರು. ಬಹಳ ಹೊತ್ತು ನಿಂತರು. ಆಮೇಲೆ ಮೆಲ್ಲಗೆ, "ಮೇಡಂರ, ಇದರಾಗ ಅಕ್ಷರ ಅದಾವು, ಮಾತಿಲ್ರಿ" ಅಂದರು.

ಆಗಿದ್ದು ಇಷ್ಟು. ಉರ್ದು ಬಲದಿಂದ ಎಡಕ್ಕೆ ಓಡುತ್ತದೆ. ಅದರ ಅಕ್ಷರಗಳು ಒಂದರ ಕೈ ಒಂದು ಹಿಡಿದು ನಡೆಯುತ್ತವೆ, ಪದದ ಶುರುವಿನಲ್ಲಿ ಒಂದು ಆಕಾರ, ನಡುವೆ ಒಂದು, ಕೊನೆಗೆ ಒಂದು. ಅಂಗಡಿಯ ಹಳೇ ಸಾಫ್ಟ್‌ವೇರಿಗೆ ಇದು ಗೊತ್ತಿಲ್ಲ. ಅದು ಪ್ರತಿ ಅಕ್ಷರವನ್ನೂ ಬಿಡಿಸಿ, ಎಡದಿಂದ ಬಲಕ್ಕೆ ಸಾಲಾಗಿ ನಿಲ್ಲಿಸಿತ್ತು. "ಪಾನಿ" ಅನ್ನುವ ಪದದಲ್ಲಿ ಪೇ, ಅಲಿಫ್, ನೂನ್, ಯೇ ನಾಲ್ಕೂ ಬೇರೆ ಬೇರೆ, ಅದೂ ಉಲ್ಟಾ. ನಮ್ಮ "ನೀರು" ಪದದ ಗುಡಿಸು, ದೀರ್ಘ, ಕೊಂಬು ಎಲ್ಲ ಕಿತ್ತು ಹಿಂದುಮುಂದಾಗಿ ಜೋಡಿಸಿದರೆ ಹೇಗಿರುತ್ತದೆ, ಹಾಗೆ. ಅಂಥ 60 ಪದ, ಆರು ಅಡಿ ಅಗಲಕ್ಕೆ.

ಅಂಗಡಿಗೆ ಹೋದೆ. "ನೀವು ಕಳಿಸಿದ್ದನ್ನ ಹಾಕೀವ್ರಿ ಮೇಡಂ" ಅಂದರು. ಅದೂ ಖರೆ. ಉರ್ದು ಪತ್ರಿಕೆ ಛಾಪಿಸುವ ಇನ್ನೊಂದು ಕಡೆ ಹೋಗಿರಿ ಅಂತ ಅವರೇ ದಾರಿ ಹೇಳಿದರು. ಅಲ್ಲಿ ಇನ್‌ಪೇಜ್ ಅನ್ನುವ ಉರ್ದು ಟೈಪಿಂಗ್ ಸಾಫ್ಟ್‌ವೇರ್ ಇತ್ತು, ಉರ್ದು ಮುತ್ತಿನ ಹಾಗೆ ಬಂತು. ಆದರೆ ಅಲ್ಲಿ ನುಡಿ ಫಾಂಟ್ ಇರಲಿಲ್ಲ! ನನ್ನ 60 ಕನ್ನಡ ಪದಗಳು ಇಂಗ್ಲಿಷ್ ಅಕ್ಷರ, ಬಾಣ, ಬೊಟ್ಟುಗಳ ಕಿಚಡಿಯಾಗಿ ತೆರೆದುಕೊಂಡವು. ಕೊನೆಗೆ ಉರ್ದುವನ್ನು ಫೋಟೋ ಮಾಡಿಕೊಂಡು, ಪೆನ್‌ಡ್ರೈವಿನಲ್ಲಿ ಹಾಕಿಕೊಂಡು, ಮತ್ತೆ ಮೊದಲಿನ ಅಂಗಡಿಗೇ ಬಂದು ಎರಡನೇ ಪ್ರಿಂಟ್ ಹಾಕಿಸಿದೆ. ಎರಡು ಶನಿವಾರ ಹೋದವು. ಮನೆಯವರು, "ಇನ್ನ ಒಂದು ಫ್ಲೆಕ್ಸ್ ಹಾಕ್ಸು, ನಿನ್ನ ಫೋಟೋನೂ ಹಾಕಿ ಚೌಕದಾಗ ಕಟ್ಟೋಣು" ಅಂದರು.

ಸರಿ, ಎಲ್ಲ ಸರಿಯಾದ ಫ್ಲೆಕ್ಸು ಗೋಡೆಗೆ ಏರಿತು. ಉರ್ದು ಮನೆಮಾತಿನ 11 ಮಕ್ಕಳನ್ನು ಮುಂದೆ ಕೂಡಿಸಿ, "ಓದ್ರಿ ನೋಡೋಣು" ಅಂದೆ.

ಒಬ್ಬರಿಗೂ ಬರಲಿಲ್ಲ.

ಬರುವುದು ಹೇಗೆ? ಆರು ವರ್ಷದ ಮಕ್ಕಳು, ಉರ್ದು ಶಾಲೆಗೆ ಹೋದವರಲ್ಲ. ಬೆಳಿಗ್ಗೆ ಮದರಸಾಕ್ಕೆ ಹೋಗುವ ಇಬ್ಬರು ಅಲಿಫ್ ಗುರುತು ಹಿಡಿದರು, ಮುಗಿಯಿತು. ಅವರ ಭಾಷೆ ಅವರ ಬಾಯಲ್ಲಿತ್ತು. ನಾನು ಅದನ್ನು ಲಿಪಿಯಲ್ಲಿ ಹುಡುಕುತ್ತ ಊರೆಲ್ಲ ತಿರುಗಿದ್ದೆ. ಲಂಬಾಣಿಗಂತೂ ಬೇರೆ ಲಿಪಿಯೇ ಇಲ್ಲ, ನಮ್ಮ ಕಡೆ ಬರೆದರೆ ಕನ್ನಡ ಅಕ್ಷರದಲ್ಲೇ ಬರೆಯುತ್ತಾರೆ. ಇದು ಮೊದಲ ದಿನವೇ ಹೊಳೆದಿದ್ದರೆ ₹1,300 ಉಳಿಯುತ್ತಿತ್ತು.

ಲಗ್ನಪತ್ರಿಕೆ ಬಂದಿದ್ದು ಹೀಗೆ. ನಮ್ಮ ಮನೆಯಲ್ಲಿ ಹಳೇ ಪತ್ರಿಕೆ ಎಸೆಯುವ ಪದ್ಧತಿ ಇಲ್ಲ, ಅತ್ತೆಯವರು ಒಂದು ಟ್ರಂಕಿನ ತುಂಬ ಇಟ್ಟಿದ್ದಾರೆ. ದಪ್ಪ ಕಾಗದ, ಹಿಂದೆ ಖಾಲಿ. ಒಂದನ್ನು ನಾಲ್ಕು ತುಂಡು ಮಾಡಿದರೆ ನಾಲ್ಕು ಕಾರ್ಡು. ಮೇಲೆ ಮಗು ಚಿತ್ರ ಬಿಡಿಸುತ್ತದೆ. ಕೆಳಗೆ ಕನ್ನಡ ಪದ, ಇಂಗ್ಲಿಷ್ ಪದ. ನಡುವೆ ಮನೆಯ ಮಾತು, ಯಾವ ಭಾಷೆಯಾದರೂ ಕನ್ನಡ ಅಕ್ಷರದಲ್ಲೇ. ಒಂದೊಂದು ಭಾಷೆಗೆ ಒಂದೊಂದು ಬಣ್ಣ, ಬಣ್ಣ ಯಾವುದು ಅಂತ ಆಯಾ ಮಕ್ಕಳೇ ಜಗಳಾಡಿ ತೀರ್ಮಾನ ಮಾಡಿದರು. ಸ್ಕೆಚ್ ಪೆನ್ ₹60, ಬಟ್ಟೆ ಕ್ಲಿಪ್ಪು ₹40. ನಲಿ-ಕಲಿ, ಅಂದರೆ ಚಟುವಟಿಕೆಯಿಂದ ಕಲಿಸುವ ಪದ್ಧತಿಯವರಿಗೆ ಗೊತ್ತಿರುತ್ತದೆ, ಕ್ಲಾಸಿನಲ್ಲಿ ದಾರ ಕಟ್ಟಿದ ಕಲಿಕಾ ಚಪ್ಪರ ಇದ್ದೇ ಇರುತ್ತದೆ. ಅದಕ್ಕೇ ಸಿಗಿಸಿದೆವು. 1995ರಲ್ಲಿ ಎಚ್‌.ಡಿ. ಕೋಟೆಯಲ್ಲಿ ನಲಿ-ಕಲಿ ಶುರು ಮಾಡಿದವರು ಈ ಚಪ್ಪರ ಮಕ್ಕಳ ಕೈಗೆಲಸಕ್ಕೆ ಅಂತಲೇ ಇಟ್ಟಿದ್ದು. ನಾನು ಇಷ್ಟು ವರ್ಷ ಅದಕ್ಕೆ ಅಂಗಡಿಯ ಬಣ್ಣದ ಕಾಗದ ತೂಗುಹಾಕುತ್ತಿದ್ದೆ.

ಪದ ತರುವ ಕೆಲಸ ಮಕ್ಕಳದು. "ಇವತ್ತು ಮನ್ಯಾಗ ಇದಕ್ಕ ಏನಂತಾರ ಕೇಳ್ಕೊಂಡು ಬರ್ರಿ." ರೊಟ್ಟಿಯ ಕಾರ್ಡು ಮಾಡಿದ ದಿನ ಮರೆಯುವುದಿಲ್ಲ. ಲಂಬಾಣಿ ಮಕ್ಕಳು "ಬಾಟಿ" ತಂದರು, ಮರಾಠಿಯವರು "ಭಾಕರಿ", ಉರ್ದುವಿನವರು "ರೋಟಿ". ಇಂಗ್ಲಿಷ್‌ಗೆ ನಾನು ಬ್ರೆಡ್ ಅಂತ ಬರೆಯಹೋದೆ. ಗದ್ದಲವೋ ಗದ್ದಲ. "ಬ್ರೆಡ್ ಬೇಕರ್‍ಯಾಗ ಸಿಗತೈತ್ರಿ, ಇದನ್ನ ಅವ್ವ ಬಡೀತಾಳ್ರಿ!" ಸೋತು, ಇಂಗ್ಲಿಷ್ ಅಕ್ಷರದಲ್ಲೂ ರೊಟ್ಟಿ ಅಂತಲೇ ಬರೆದೆ. ಎರಡು ಭಾಷೆಯ ನಡುವೆ ಎಲ್ಲ ಪದಕ್ಕೂ ಜೋಡಿ ಸಿಗುವುದಿಲ್ಲ ಅನ್ನುವುದನ್ನು ತರಬೇತಿಯಲ್ಲಿ ನೋಟ್ಸ್ ಬರೆದುಕೊಂಡಿದ್ದೆ. ತಿಳಿದಿದ್ದು ಅವತ್ತು.

ಲೆಕ್ಕದಲ್ಲೂ ಕೆಲಸಕ್ಕೆ ಬಂತು. ಹದಿಮೂರು ಅನ್ನುವಾಗ ಕನ್ನಡ ಮೊದಲು ಹತ್ತು ಹೇಳುತ್ತದೆ, ಆಮೇಲೆ ಮೂರು. ಇಂಗ್ಲಿಷಿನ ಥರ್ಟೀನ್ ಮೊದಲು ಮೂರು ಹೇಳುತ್ತದೆ. ಮನೆಯಲ್ಲಿ "ಪಚ್ಚೀಸ್" ಅಂತ ಕೇಳಿ ಬೆಳೆದ ಮಗುವಿಗೆ 25ರಲ್ಲಿ ಐದು ಮೊದಲು ಕೇಳಿಸುತ್ತದೆ. ಕೆಲವರು 13ನ್ನು 31 ಅಂತ ಬರೆಯುತ್ತಿದ್ದರು, ನಾನು ಸುಮ್ನೆ ಲಕ್ಷ್ಯ ಇಲ್ಲ ಅಂತ ಬೈಯುತ್ತಿದ್ದೆ. ಅವರು ಕಿವಿಗೆ ಬಿದ್ದ ಹಾಗೆಯೇ ಬರೆಯುತ್ತಿದ್ದರು, ಅಲ್ವಾ? ಮೂರೂ ಮಾತು ಒಂದೇ ಕಾರ್ಡಿನಲ್ಲಿ ಬರೆದು, ಜೋರಾಗಿ ಹೇಳಿಸಿ, ಯಾವುದು ಮೊದಲು ಕೇಳಿಸಿತು ಅಂತ ಕೇಳಿದ ಮೇಲೆ ತಪ್ಪು ಬಹಳ ಕಡಿಮೆಯಾಯಿತು.

ಕಾರ್ಡಿನಲ್ಲಿ ದೋಷ ಇಲ್ಲವೇ? ಇದೆ. ಮಕ್ಕಳು ತಂದದ್ದನ್ನು ನಾವು ಪರೀಕ್ಷೆ ಮಾಡಲೇಬೇಕು. ಒಬ್ಬ ಪುಣ್ಯಾತ್ಮ ಕತ್ತೆಯ ಚಿತ್ರಕ್ಕೆ ಒಂದು ಬೈಗುಳ ಬರೆಸಿದ್ದ. ಎರಡು ದಿನ ಅದು ಚಪ್ಪರದಲ್ಲಿ ಗಾಳಿಗೆ ಆಡುತ್ತಿತ್ತು. ಆರನೇ ಕ್ಲಾಸಿನ ಹುಡುಗಿಯೊಬ್ಬಳು ನೋಡಿ ಬಾಯಿಗೆ ಕೈ ಇಟ್ಟುಕೊಂಡು ಓಡಿದಳು. ಈಗ ಎಲ್ಲ ಕಾರ್ಡೂ ಅವಳ ಕಣ್ಣಿನ ಕೆಳಗೆ ಹಾದೇ ಮೇಲೇರುತ್ತವೆ.

ಕಥೆಪುಸ್ತಕಕ್ಕೆ ಮಾತ್ರ ಸ್ಟೋರಿವೀವರ್ ವೆಬ್‌ಸೈಟ್ ಬಿಟ್ಟು ಬೇರೆ ಹೇಳಲಾರೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ್ದು. ಬಿಟ್ಟಿ, ಡೌನ್‌ಲೋಡ್ ಮಾಡಿ ಪ್ರಿಂಟ್ ಹಾಕಿಕೊಳ್ಳಬಹುದು, ಎರಡು ಭಾಷೆ ಒಟ್ಟಿಗೆ ಇರುವ ಕಥೆಗಳೂ ಇವೆ, ಬೇಕಾದರೆ ನಾವೇ ಅನುವಾದ ಮಾಡಬಹುದು. ಕಪ್ಪು-ಬಿಳುಪು ಜೆರಾಕ್ಸಿನಲ್ಲಿ ಆನೆ ಯಾವುದು, ಗುಡ್ಡ ಯಾವುದು ಗೊತ್ತಾಗುವುದಿಲ್ಲ, ಅದೊಂದೇ. ಕಲರ್ ಪ್ರಿಂಟಿಗೆ ನನ್ನ ಬಜೆಟ್ ಇಲ್ಲ.

ಒಬ್ಬ ಪಾಲಕರು ತಕರಾರು ತೆಗೆದರು. ಇಂಗ್ಲಿಷ್ ಕಲಿಸ್ತೀವಿ ಅಂತ ಸೇರಿಸಿಕೊಂಡು ಲಂಬಾಣಿ, ಉರ್ದು ಯಾಕೆ ಅಂತ. ಈ ಜಗಳ ಧಾರವಾಡ ಸೀಮೆಗೆ ಹೊಸದೇನಲ್ಲ. ಮುಂಬೈ ಪ್ರಾಂತದ ಕಾಲದಲ್ಲಿ ಇಲ್ಲಿ ಶಾಲೆ ಅಂದರೆ ಮರಾಠಿ. ಮನೆಯಲ್ಲಿ ಕನ್ನಡ ಆಡುವ ಮಕ್ಕಳು ಮರಾಠಿಯಲ್ಲಿ ಕಲಿಯುತ್ತಿದ್ದವು. ಆಗ ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರು ಹಟ ಹಿಡಿದು ಕನ್ನಡ ಶಾಲೆಗಳನ್ನು ತೆರೆಸಿದ್ದರಿಂದ ನಾವು ಕನ್ನಡದಲ್ಲಿ ಓದಿದೆವು. ಆ ಪಾಲಕರಿಗೆ ಇಷ್ಟೆಲ್ಲ ಹೇಳಲಿಲ್ಲ. ಮಗಳನ್ನು ಕರೆದು ಹತ್ತು ಕಾರ್ಡು ಕೈಗೆ ಕೊಟ್ಟೆ. ಹತ್ತಕ್ಕೂ ಇಂಗ್ಲಿಷ್ ಹೇಳಿದಳು. ಅವರು ಚಹಾ ಕುಡಿದು ಹೋದರು.

ನನ್ನ ಆಯ್ಕೆ ನನ್ನ ಸ್ವಭಾವಕ್ಕೆ ತಕ್ಕದ್ದು, ಅದನ್ನೂ ಹೇಳಬೇಕು. ನಾನು ಗೇಟಿನ ಹತ್ತಿರ ನಿಂತು ತಾಯಂದಿರ ಜೊತೆ ಹರಟೆ ಹೊಡೆಯುವವಳು, ಅರ್ಧ ಪದಗಳು ಅಲ್ಲೇ ಸಿಗುತ್ತವೆ. ಸಂಜೆ ಕತ್ತರಿ ಹಿಡಿದು ಕೂಡಲು ನನಗೆ ಬೇಸರವಿಲ್ಲ. ಮೂರು ಕ್ಲಾಸು ಒಬ್ಬರೇ ನೋಡಿಕೊಳ್ಳುವ ಟೀಚರ್ ಆಗಿದ್ದರೆ ₹450ರ ಚಾರ್ಟು ತಂದು, ಅದರ ಕಡಲೆಕಾಯಿಯ ಮೇಲೆ ಶೇಂಗಾ ಅಂತ ಚೀಟಿ ಅಂಟಿಸಿಕೊಳ್ಳಿ, ನಡೆಯುತ್ತದೆ. ಫ್ಲೆಕ್ಸ್ ಮಾತ್ರ ಬೇಡ.

ಈಗ ಡಬ್ಬಿಯಲ್ಲಿ 212 ಕಾರ್ಡುಗಳಿವೆ. ಅತ್ತೆಯವರ ಟ್ರಂಕು ಖಾಲಿಯಾಗುತ್ತಾ ಬಂದಿದೆ, ಈಗೀಗ ಎಲ್ಲರೂ ವಾಟ್ಸಾಪಿನಲ್ಲೇ ಪತ್ರಿಕೆ ಕಳಿಸುತ್ತಾರೆ. ಬೀಗರಿಗೆಲ್ಲ ಫೋನ್ ಮಾಡಿ ಹೇಳಿದ್ದೇನೆ, ಲಗ್ನಕ್ಕೆ ಕರೆಯದಿದ್ದರೂ ನಡೆಯುತ್ತದೆ, ಕಾರ್ಡು ಛಾಪಿಸಿದ್ದರೆ ಹತ್ತು ಕೊಟ್ಟು ಕಳಿಸ್ರಿ ಅಂತ.