ಲೋಟಸ್ 78 ಮಾದರಿ: ಮೂತಿ ಬಿಚ್ಚಿ ನೋಡಿ

ದಾವಣಗೆರೆಯ ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೋಟಸ್ 78 ಎಂಬ ಫಾರ್ಮುಲಾ ಒನ್ ರೇಸ್ ಕಾರಿನ ಲೋಹದ ಮಾದರಿ ಕೊಂಡೆ. ಅಸಲಿ ಕಾರಿನ ಹದಿನೆಂಟನೇ ಒಂದು ಅಳತೆ. ಬೆಲೆ ಕೇಳಿ ಮನೆಯಾಕೆ ಹುಬ್ಬೇರಿಸಿದಳು; ಇರಲಿ.

ಮೂತಿಯ ಹೊದಿಕೆ ಕಳಚುತ್ತದೆ. ಲೇತ್ ಕೆಲಸದವನಾದ ನನ್ನ ಕಣ್ಣು ನೇರವಾಗಿ ಪೆಡಲ್‌ಗಳಿಗೆ ಹೋಯಿತು. ಸಾಸಿವೆಕಾಳಿನಷ್ಟಿರುವ ಅವು ಮುಂದಿನ ಚಕ್ರಗಳ ನಡುವೆಯೇ ಇವೆ. ಚಾಲಕನ ಪಾದಗಳಿಗೂ ಎದುರಿನ ಗೋಡೆಗೂ ನಡುವೆ ತೆಳು ಅಲ್ಯೂಮಿನಿಯಂ ತಗಡು ಬಿಟ್ಟರೆ ಹೆಚ್ಚೇನೂ ಇಲ್ಲ. 1978ರಲ್ಲಿ ಇಟಲಿಯ ಮೊಂಝಾ ರೇಸಿನಲ್ಲಿ ಚಾಲಕ ರೋನಿ ಪೀಟರ್ಸನ್ ಇದೇ ಮಾದರಿಯ ಕಾರಿನಲ್ಲಿ ತಡೆಗೋಡೆಗೆ ಬಡಿದರು. ಮುಂಭಾಗ ನುಜ್ಜುಗುಜ್ಜಾಗಿ ಕಾಲುಗಳ ಮೂಳೆಗಳು ಮುರಿದವು. ಮೂಳೆಯೊಳಗಿನ ಕೊಬ್ಬು ರಕ್ತಕ್ಕೆ ಸೇರಿ ಮರುದಿನ ತೀರಿಕೊಂಡರು. 1986ರಲ್ಲಿ ಮತ್ತೊಬ್ಬ ರೇಸ್ ಚಾಲಕ ಜಾಕ್ ಲಫೀತ್ ಅವರ ಎರಡೂ ಕಾಲುಗಳು ಅಪಘಾತದಲ್ಲಿ ಮುರಿದವು. ಪಾದಗಳು ಮುಂದಿನ ಚಕ್ರಗಳ ಅಚ್ಚಿನ ಹಿಂದೆಯೇ ಇರಬೇಕೆಂಬ ನಿಯಮ ಫಾರ್ಮುಲಾ ಒನ್‌ಗೆ ಬಂದದ್ದು 1988ರಲ್ಲಿ. ಇಷ್ಟು ತಡವೇಕೋ!

ಕಪ್ಪು ಬಣ್ಣ, ಚಿನ್ನದ ಗೆರೆ ಅಚ್ಚುಕಟ್ಟಾಗಿವೆ. ಸೀಟ್ ಬೆಲ್ಟ್ ಮಾತ್ರ ಬರೀ ಸ್ಟಿಕ್ಕರ್. ಈ ಬೆಲೆಗೆ ಅದು ಸಲ್ಲದು. ಬಲಗನ್ನಡಿ ಪೆಟ್ಟಿಗೆಯಲ್ಲೇ ಕಳಚಿಬಿದ್ದಿತ್ತು. ಬದಲಿಸಿಕೊಡಿ ಎಂದರೆ ಅಂಗಡಿಯವರು, “ಫೆವಿಕ್ವಿಕ್ ಹಾಕಿ ಸರ್, ಗಟ್ಟಿಯಾಗಿ ನಿಲ್ಲುತ್ತದೆ” ಎಂದರು. ಕೊಳ್ಳುವವರು ಪೆಟ್ಟಿಗೆಯನ್ನು ಅಲ್ಲೇ ತೆರೆಸಿ ನೋಡಿ.