ಹ್ಯಾಪ್ಟಿಕ್ ಸಿಮ್ಯುಲೇಟರ್‌ನೊಂದಿಗೆ ಎರಡು ವರ್ಷ: ಬಲಗೈ ಹಿಡಿ ಕಲಿಸಿದ ತಪ್ಪು

ಶಸ್ತ್ರಚಿಕಿತ್ಸಾ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಯಾಗಿ ಎರಡು ವರ್ಷಗಳಿಂದ ನಮ್ಮ ಕಾಲೇಜಿನ ಸ್ಕಿಲ್ಸ್ ಲ್ಯಾಬ್‌ನ ಲ್ಯಾಪರೋಸ್ಕೋಪಿ (ಹೊಟ್ಟೆಯಲ್ಲಿ ಸಣ್ಣ ರಂಧ್ರಗಳ ಮೂಲಕ ಮಾಡುವ ಶಸ್ತ್ರಚಿಕಿತ್ಸೆ) ಅಭ್ಯಾಸದ ಸಿಮ್ಯುಲೇಟರನ್ನು ವಾರಕ್ಕೆ ಮೂರು ದಿನವಾದರೂ ಬಳಸುತ್ತ ಬಂದಿದ್ದೇನೆ. ಪರದೆ, ಪಾಠಗಳು, ಅಂಕ ಕೊಡುವ ಕ್ರಮ ಎಲ್ಲವೂ ಕೈಪಿಡಿಯಲ್ಲಿವೆ. ನಾನು ಬರೆಯುತ್ತಿರುವುದು ಅದರ ಹಿಡಿಗಳು ಕೈಗೆ ಮುಟ್ಟಿಸುವ ಸ್ಪರ್ಶದ, ಅಂದರೆ ಹ್ಯಾಪ್ಟಿಕ್ಸ್‌ನ, ಬಗ್ಗೆ ಮಾತ್ರ.

ರೌಂಡ್ಸ್‌ಗೆ ಮುಂಚೆ, ಬೆಳಿಗ್ಗೆ 6.30ಕ್ಕೆ ಲ್ಯಾಬಿನ ಬೀಗ ತೆಗೆಸಿ, ಆಪರೇಷನ್ ಥಿಯೇಟರಿನಲ್ಲಿ ಧರಿಸುವ ಅಳತೆಯ ಗ್ಲೌಸನ್ನೇ ಹಾಕಿಕೊಂಡು ಕೂರುತ್ತೇನೆ. ಬರಿಗೈಗೆ ತಿಳಿಯುವಷ್ಟು ಗ್ಲೌಸು ತೊಟ್ಟ ಬೆರಳಿಗೆ ತಿಳಿಯುವುದಿಲ್ಲ. ಎಡಗೈಯ ಗ್ರಾಸ್ಪರಿನಿಂದ (ಅಂಗಾಂಶ ಹಿಡಿಯುವ ಚಿಮಟದಂಥ ಸಾಧನ) ಪರದೆಯ ಮೇಲಿನ ಪಿತ್ತಕೋಶದ ಕುತ್ತಿಗೆಯನ್ನು ಹಿಡಿದು ಪಕ್ಕಕ್ಕೆ ಎಳೆದಾಗ ಅದು ಮೊದಲು ಸಡಿಲವಾಗಿ ಬಂದು, ಆಮೇಲೆ ನಿಧಾನವಾಗಿ ಬಿಗಿಯುತ್ತ, ಹರಿಯುವುದಕ್ಕೆ ಸ್ವಲ್ಪ ಮುಂಚೆ ಬೆರಳಿಗೆ ಎದುರು ನಿಲ್ಲುತ್ತದೆ. ಆ ಎದುರು ನಿಲ್ಲುವ ಕ್ಷಣವನ್ನು ಗುರುತಿಸಲು ಕಲಿತದ್ದೇ ಮೊದಲ ಆರು ತಿಂಗಳ ನನ್ನ ದೊಡ್ಡ ಸಂತೋಷ.

ಎಂಟನೆಯ ತಿಂಗಳಿನ ಹೊತ್ತಿಗೆ ಬಲಗೈ ಹಿಡಿ ಖಾಲಿ ಜಾಗದಲ್ಲಿ ಆಡಿಸಿದರೂ ತಡೆಯತೊಡಗಿತು. ಕಣ್ಣಿಗೆ ಚಿತ್ರ ಸರಾಗವಾಗಿ ಕಾಣಲು ಸೆಕೆಂಡಿಗೆ 30ರಿಂದ 60 ಚಿತ್ರಗಳು ಸಾಕು, ಆದರೆ ಗಟ್ಟಿ ವಸ್ತು ಕೈಗೂ ಗಟ್ಟಿಯಾಗಿಯೇ ತಾಗಬೇಕಾದರೆ ಯಂತ್ರವು ಬಲವನ್ನು ಸೆಕೆಂಡಿಗೆ ಸುಮಾರು 1000 ಸಲ ಲೆಕ್ಕಹಾಕಬೇಕು; ಇಷ್ಟು ಸೂಕ್ಷ್ಮವಾದ ಲೆಕ್ಕವೆಲ್ಲ ಹಿಡಿಯ ಒಂದು ಬಿಗಿದ ಕೀಲಿನಿಂದ ವ್ಯರ್ಥವಾಗುತ್ತದೆ. ನಾನು ಅದನ್ನು ಗಮನಿಸದೆ, ಯಂತ್ರದ ತಡೆಯನ್ನೇ ಅಂಗಾಂಶದ ಬಿಗಿತವೆಂದು ಕೈಗೆ ರೂಢಿ ಮಾಡಿಸಿಬಿಟ್ಟಿದ್ದೆ. ಥಿಯೇಟರಿನಲ್ಲಿ ಮೊದಲ ಸಲ ಸಾಧನ ಕೈಗೆ ಬಂದ ದಿನ ಅಗತ್ಯಕ್ಕಿಂತ ಜೋರಾಗಿ ಮುಂದಕ್ಕೆ ತಳ್ಳಿದೆ. ಕಲಿಸುತ್ತಿದ್ದ ಮೇಡಂ ತಕ್ಷಣ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು. ರೋಗಿಗೆ ಏನೂ ಆಗಲಿಲ್ಲ, ಆದರೆ ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ದುರಸ್ತಿಗೆ ಎಂಜಿನಿಯರ್ ಬಂದದ್ದು ಏಳು ವಾರಗಳ ನಂತರ. 2002ರಲ್ಲಿ ಪ್ರಕಟವಾದ ಯೇಲ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ, ಸ್ಪರ್ಶವೇ ಇಲ್ಲದ ಸಿಮ್ಯುಲೇಟರಿನಲ್ಲಿ ಪಳಗಿದ ರೆಸಿಡೆಂಟರು (ತರಬೇತಿಯಲ್ಲಿರುವ ವೈದ್ಯರು) ಪಿತ್ತಕೋಶವನ್ನು ಬಿಡಿಸುವ ಕೆಲಸವನ್ನು ಉಳಿದವರಿಗಿಂತ ಶೇ. 29ರಷ್ಟು ಬೇಗ ಮುಗಿಸಿದ್ದರು. ತಪ್ಪು ಸ್ಪರ್ಶಕ್ಕಿಂತ ಸ್ಪರ್ಶವಿಲ್ಲದ ಯಂತ್ರವೇ ಮೇಲೆಂದು ಆ ಏಳು ವಾರಗಳಲ್ಲಿ ನನಗೆ ದೃಢವಾಗಿ ಅನ್ನಿಸಿತು.

ಆಗ ಹಾಸ್ಟೆಲ್ ಕೋಣೆಯಲ್ಲಿ, ಸ್ಟೈಪೆಂಡಿನ ಎರಡು ಸಾವಿರ ರೂಪಾಯಿಯೊಳಗೆ, ಪ್ಲಾಸ್ಟಿಕ್ ಡಬ್ಬ, ವೆಬ್‌ಕ್ಯಾಮ್ ಮತ್ತು ಬಳಕೆಯಿಂದ ತೆಗೆದ ಹಳೆಯ ಸಾಧನಗಳಿಂದ ಬಾಕ್ಸ್ ಟ್ರೈನರ್ (ಡಬ್ಬದೊಳಗೆ ನಿಜವಾದ ಸಾಧನಗಳಿಂದಲೇ ಅಭ್ಯಾಸ ಮಾಡುವ ವ್ಯವಸ್ಥೆ) ಮಾಡಿಕೊಂಡೆ. ಕೋಳಿಯ ಚರ್ಮದ ಮೇಲೆ 15 ಸೆಂಟಿಮೀಟರ್ ಉದ್ದದ 2-0 (ದಾರದ ದಪ್ಪದ ಅಳತೆ) ರೇಷ್ಮೆ ದಾರದಿಂದ ಮೊದಲು ಎರಡು ಸುತ್ತು, ಮೇಲೆ ಒಂದೊಂದು ಸುತ್ತು ಹಾಕಿ ಗಂಟು ಬಿಗಿಯುವಾಗ ಸಿಗುವ ಅನುಭವ ಸಿಮ್ಯುಲೇಟರಿನ ಹೊಲಿಗೆ ಪಾಠದಲ್ಲಿ ಇಂದಿಗೂ ಇಲ್ಲ. ಗಂಟು ಕಲಿಯಲು ಸ್ವಂತ ಹಣ ಹಾಕುವವರಿಗೆ ನಾನು ಡಬ್ಬವನ್ನೇ ಹೇಳುತ್ತೇನೆ. ಆದರೆ ಡಬ್ಬದಲ್ಲಿ ರಕ್ತ ಹರಿಯುವುದಿಲ್ಲ, ಎಷ್ಟು ಬಲ ಹಾಕಿದೆ ಎಂದು ಅದು ತಿಳಿಸುವುದೂ ಇಲ್ಲ. ಆದ್ದರಿಂದ ದುರಸ್ತಿಯಾದ ಮರುದಿನವೇ ನಾನು ಲ್ಯಾಬಿಗೆ ಮರಳಿದೆ.

ಈಗ ನನ್ನ ಜೊತೆ ಬರುವ ಮೊದಲ ವರ್ಷದವರಿಗೆ ಪಾಠ ತೆರೆಯುವ ಮುಂಚೆ ಐದು ನಿಮಿಷ ಎರಡೂ ಹಿಡಿಗಳನ್ನು ಖಾಲಿ ಜಾಗದಲ್ಲಿ ಸುತ್ತಿಸಲು ಹೇಳುತ್ತೇನೆ. ಯಂತ್ರದ ಸ್ವಂತ ಭಾರ ಎಷ್ಟೆಂದು ಗೊತ್ತಾದ ಮೇಲೆಯೇ ಅವರು ಪಿತ್ತಕೋಶವನ್ನು ಮುಟ್ಟುತ್ತಾರೆ.